ಚೆಂಡು ಕೊಟ್ಟರು, ನಾಯಕತ್ವ ಕೊಡಲಿಲ್ಲ: ಪಲ್ವಣಕರ್ ಬಾಳೂ

ಭಾರತದ ಮೊದಲ ದೊಡ್ಡ ಬೌಲರ್ ಯಾರು ಎಂದು ನಮ್ಮ ತರಗತಿಯಲ್ಲಿ ಕೇಳಿದರೆ ಕೆಲವರು ಕಪಿಲ್ ದೇವ್ ಎನ್ನುತ್ತಾರೆ. ಸ್ವಲ್ಪ ಹಳೆಯದು ಗೊತ್ತಿರುವವರು ಚಂದ್ರಶೇಖರ್, ಪ್ರಸನ್ನ ಎನ್ನುತ್ತಾರೆ. ಇವರೆಲ್ಲ ಹುಟ್ಟುವುದಕ್ಕೂ ಮೊದಲು, ಭಾರತಕ್ಕೆ ಟೆಸ್ಟ್ ತಂಡವೇ ಇಲ್ಲದ ಕಾಲದಲ್ಲಿ, ಇಂಗ್ಲೆಂಡಿಗೆ ಹೋಗಿ ಒಂದೇ ಬೇಸಿಗೆಯಲ್ಲಿ 114 ವಿಕೆಟ್ ತೆಗೆದ ಎಡಗೈ ಬೌಲರ್ ಒಬ್ಬರಿದ್ದರು. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರ ಮಾರ್ಚ್ 19ರಂದು. ಹೆಸರು ಪಲ್ವಣಕರ್ ಬಾಳೂ.

ಇಷ್ಟು ದೊಡ್ಡ ಆಟಗಾರನ ಹೆಸರು ನಮಗೆ ಯಾಕೆ ಗೊತ್ತಿಲ್ಲ? ಟೆಸ್ಟ್ ಆಡಲಿಲ್ಲ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣವೂ ಇದೆ. ಬಾಳೂ ಚಾಂಭಾರ ಸಮುದಾಯದವರು. ನಮ್ಮ ಕಡೆ ಸಮಗಾರರು ಎನ್ನುತ್ತಾರಲ್ಲ, ಹಾಗೆ ಚರ್ಮದ ಕೆಲಸ ಮಾಡುತ್ತಿದ್ದ ಜನ. ಆ ಕಾಲದಲ್ಲಿ ಅವರನ್ನು ಮುಟ್ಟಬಾರದವರು ಎಂದು ಊರ ಹೊರಗೆ ಇಟ್ಟಿದ್ದರು. ಮನೆತನದ ಹೆಸರು ಬಂದಿದ್ದು ಕೊಂಕಣದ ಪಲ್ವಣ ಎಂಬ ಊರಿನಿಂದ. ತಂದೆ ಸೈನ್ಯದ ನೌಕರಿಯಲ್ಲಿದ್ದರು, ಹಾಗಾಗಿ ಮಕ್ಕಳು ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಬಿಳಿ ಅಧಿಕಾರಿಗಳು ಬಿಟ್ಟುಹೋದ ಬ್ಯಾಟು, ಚೆಂಡು ಹಿಡಿದು ಬಾಳೂ ಮತ್ತು ತಮ್ಮ ಶಿವರಾಮ ಆಟ ಕಲಿತರು.

ಹೆಚ್ಚು ಓದಲು ಆಗಲಿಲ್ಲ. ಮೊದಲ ಕೆಲಸ ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ಆಗಾಗ ಸದಸ್ಯರಿಗೆ ಬೌಲ್ ಮಾಡುವುದು. ತಿಂಗಳಿಗೆ 3 ರೂಪಾಯಿ ಸಂಬಳ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದಾಗ ಸಂಬಳ 4 ರೂಪಾಯಿ ಆಯಿತು. ಅಲ್ಲಿ ನೆಟ್ ಕಟ್ಟುವ ಕೆಲಸವೂ ಇತ್ತು. ಒಬ್ಬ ದೊರೆ ಈ ಹುಡುಗನ ಕೈಗೆ ಚೆಂಡು ಕೊಟ್ಟು ನೋಡಿದ. ಆಮೇಲೆ ಎಲ್ಲರೂ ಅವನನ್ನೇ ಕರೆಯತೊಡಗಿದರು.

ಅಲ್ಲಿ ಜೆ.ಜಿ. ಗ್ರೆಗ್ ಎಂಬ ಸೇನಾ ಕ್ಯಾಪ್ಟನ್ ಇದ್ದ. ಇಂಗ್ಲೆಂಡಿನ ಹ್ಯಾಂಪ್‌ಶೈರ್ ತಂಡಕ್ಕೆ ಆಡುತ್ತಿದ್ದ ಒಳ್ಳೆಯ ಬ್ಯಾಟ್ಸ್‌ಮನ್. ಅವನು ಬೇರೆಯವರಿಗಿಂತ ಮೊದಲೇ ಮೈದಾನಕ್ಕೆ ಬಂದು ಬಾಳೂ ಬೌಲಿಂಗಿಗೆ ಗಂಟೆಗಟ್ಟಲೆ ಅಭ್ಯಾಸ ಮಾಡುತ್ತಿದ್ದ. ತನ್ನನ್ನು ಔಟ್ ಮಾಡಿದ ಪ್ರತಿ ಸಲವೂ ಎಂಟಾಣೆ ಕೊಡುತ್ತಿದ್ದ ಎಂಬ ಮಾತಿದೆ. ನಾನು ವಾಣಿಜ್ಯ ವಿಭಾಗದವನಾದ್ದರಿಂದ ಇಲ್ಲಿ ಸ್ವಲ್ಪ ಲೆಕ್ಕ ಹಾಕಿದೆ. ರೂಪಾಯಿಗೆ ಹದಿನಾರಾಣೆ. 4 ರೂಪಾಯಿ ಸಂಬಳ ಎಂದರೆ 64 ಆಣೆ. ವಾರಕ್ಕೆ ಒಂದು ಸಲ ಗ್ರೆಗ್‌ನನ್ನು ಔಟ್ ಮಾಡಿದರೂ ತಿಂಗಳಿಗೆ 32 ಆಣೆ ಬರುತ್ತದೆ, ಅಂದರೆ ಅರ್ಧ ಸಂಬಳ. ಬಡವರ ಮನೆಯ ಹುಡುಗ ಮೈಮೇಲೆ ಎಚ್ಚರ ಇಟ್ಟು ಬೌಲ್ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆ ವರ್ಷಗಳಲ್ಲಿ ಅವರಿಗೆ ಬ್ಯಾಟ್ ಮಾಡಲು ಮಾತ್ರ ಬಿಡಲಿಲ್ಲ. ಬ್ಯಾಟಿಂಗ್ ಸಾಹೇಬರದು, ಬೌಲಿಂಗ್ ಆಳುಗಳದು. ಬಿಸಿಲಲ್ಲಿ ಓಡಿ ಬೆವರು ಸುರಿಸುವ ಕೆಲಸ ಯಾರಿಗೆ, ನಿಂತು ಹೊಡೆಯುವ ಕೆಲಸ ಯಾರಿಗೆ ಎಂಬುದು ಮೊದಲೇ ತೀರ್ಮಾನವಾಗಿತ್ತು. ನಮ್ಮ ಕೆ.ಜಿ.ಎಫ್.ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಕಾಲದಲ್ಲಿ ಇಲ್ಲಿ ಜಾನ್ ಟೇಲರ್ ಕಂಪನಿ ಗಣಿ ನಡೆಸುತ್ತಿತ್ತು. ಸಾಹೇಬರು ಬಂಗಲೆಯಲ್ಲಿದ್ದರು, ಕ್ಲಬ್ಬಿನಲ್ಲಿ ಆಡುತ್ತಿದ್ದರು. ತಮಿಳುನಾಡಿನ ಕಡೆಯಿಂದ ಬಂದ, ಹೆಚ್ಚಾಗಿ ದಲಿತರೇ ಆಗಿದ್ದ ಕಾರ್ಮಿಕರು ಗಣಿಯ ಕೆಳಗೆ ಇಳಿಯುತ್ತಿದ್ದರು. ಸಂಜೆ ಸಯನೈಡ್ ದಿಬ್ಬದ ಪಕ್ಕದಲ್ಲಿ ಕ್ರಿಕೆಟ್ ಆಡುವ ನನ್ನ ಗೆಳೆಯರಲ್ಲಿ ಅವರ ಮೊಮ್ಮಕ್ಕಳೂ ಮರಿಮಕ್ಕಳೂ ಇದ್ದಾರೆ. ನಮ್ಮ ಆಟದಲ್ಲಿ ಯಾರ ಬ್ಯಾಟೋ ಅವರದೇ ಮೊದಲ ಬ್ಯಾಟಿಂಗ್. ಅದು ಬೇರೆ ತಕರಾರು ಬಿಡಿ.

ಪುಣೆಯ ಹಿಂದೂಗಳಿಗೂ ಒಂದು ತಂಡವಿತ್ತು. ಯುರೋಪಿಯನ್ನರನ್ನು ಸೋಲಿಸಬೇಕೆಂಬ ಹಟವೂ ಇತ್ತು. ಆ ಯುರೋಪಿಯನ್ನರಿಗೆ ದಿನವೂ ಬೌಲ್ ಮಾಡಿ ಅವರ ದೌರ್ಬಲ್ಯವೆಲ್ಲ ತಿಳಿದಿದ್ದ ಬೌಲರ್ ಅದೇ ಊರಿನಲ್ಲಿದ್ದ. ಆದರೂ ಸೇರಿಸಿಕೊಳ್ಳಬೇಕೋ ಬೇಡವೋ ಎಂದು ದೊಡ್ಡ ಚರ್ಚೆಯಾಯಿತು. ತಂಡದಲ್ಲಿದ್ದ ತೆಲುಗರು ಬೇಕು ಎಂದರು, ಬ್ರಾಹ್ಮಣ ಸದಸ್ಯರು ಹಿಂಜರಿದರು. ಕೊನೆಗೆ ಗೆಲ್ಲುವ ಆಸೆ ಗೆದ್ದಿತು, ಬಾಳೂ ತಂಡಕ್ಕೆ ಬಂದರು.

ಬಂದದ್ದು ಮೈದಾನಕ್ಕೆ ಮಾತ್ರ. ಆಟದ ನಡುವೆ ಅವರು ಎಸೆದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಬೇರೆಯವರು ಒಳಗೆ ಕೂತು ಪಿಂಗಾಣಿ ಬಟ್ಟಲಿನಲ್ಲಿ ಕುಡಿದರೆ, ಬಾಳೂಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಕುಡಿದ ಮೇಲೆ ಅದನ್ನು ಎಸೆಯಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಮುಖ ತೊಳೆಯಲು ನೀರು ಹಾಕುವುದಕ್ಕೂ ಅವರದೇ ಸಮುದಾಯದ ಆಳು. ಇದನ್ನು ಓದಿದಾಗ ನನಗೆ ಮೊದಲು ತೋಚಿದ್ದು ಚೆಂಡಿನ ವಿಷಯವೇ. ಅದು ಕೂಡ ಚರ್ಮದ್ದು ತಾನೇ? ಚರ್ಮದ ಕೆಲಸದವರನ್ನು ಮುಟ್ಟಬಾರದು, ಚರ್ಮದ ಚೆಂಡನ್ನು ಮುಟ್ಟಬಹುದು. ಈ ನ್ಯಾಯ ನನಗೆ ಅರ್ಥವಾಗಲಿಲ್ಲ. ಇದನ್ನು ಬರೆಯುವಾಗ ನಮ್ಮವರೆಲ್ಲ ಸಾಚಾ ಎಂದು ನಾನು ಹೇಳುತ್ತಿಲ್ಲ. ನಮ್ಮ ಮೊಹಲ್ಲಾದಲ್ಲೂ ಹುಡುಗಿ ಕೊಡುವಾಗ ಬಿರಾದರಿ ಯಾವುದು ಎಂದು ಕೇಳುವವರಿದ್ದಾರೆ.

ಪುಣೆಯ ತಂಡ ಗೆಲ್ಲತೊಡಗಿತು. ಸಾತಾರಾದಲ್ಲಿ ಬಿಳಿಯರ ಜಿಮ್ಖಾನಾ ವಿರುದ್ಧ ಒಂದು ಪಂದ್ಯ ನಡೆಯಿತು. ಬಾಳೂ ಚೆಂಡು ತಿರುಗಬಾರದೆಂದು ಅಲ್ಲಿಯವರು ದಿನಗಟ್ಟಲೆ ರೋಲರ್ ಎಳೆಸಿ ಪಿಚ್ಚನ್ನು ಗಟ್ಟಿ ಮಾಡಿಸಿದ್ದರಂತೆ. ಆದರೂ ಗೆದ್ದಿದ್ದು ಪುಣೆಯವರೇ. ಆಮೇಲೆ ನಡೆದ ಸಭೆಯಲ್ಲಿ ಮಹಾದೇವ ಗೋವಿಂದ ರಾನಡೆಯವರು ಬಾಳೂ ಅವರನ್ನು ಹೊಗಳಿದರು. ಜೊತೆಯಲ್ಲಿ ಆಡುವವರು ಜೊತೆಯಲ್ಲಿ ಉಣ್ಣಲೂ ಬೇಕು ಎಂಬ ಅರ್ಥದಲ್ಲಿ ತಂಡದವರಿಗೆ ಬುದ್ಧಿ ಹೇಳಿದರು. ರಾನಡೆ ಹೈಕೋರ್ಟ್ ನ್ಯಾಯಾಧೀಶರು, ಸಮಾಜ ಸುಧಾರಕರು. ಅವರ ಮಾತಿಗೆ ಬೆಲೆ ಇತ್ತು. ಬಾಲಗಂಗಾಧರ ತಿಲಕರೂ ಮುಂದೆ ಒಂದು ಸಭೆಯಲ್ಲಿ ಬಾಳೂ ಅವರನ್ನು ಗೌರವಿಸಿದರು.

1890ರ ದಶಕದ ಕೊನೆಗೆ, ಪ್ಲೇಗಿನ ಕಾಲದಲ್ಲಿ, ಬಾಳೂ ಮುಂಬೈಗೆ ಬಂದರು. ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್ಖಾನಾ ಅವರನ್ನು ಸೇರಿಸಿಕೊಂಡಿತು. ಅಲ್ಲಿಯೂ ಕೆಲವರು ಬೇಡವೆಂದಿದ್ದರು, ಕೀರ್ತಿಕರ್ ಎಂಬ ನಾಯಕ ಪಟ್ಟು ಹಿಡಿದು ಸೇರಿಸಿದರು. ಹೊಟ್ಟೆಪಾಡಿಗೆ ಬಿ.ಬಿ.ಸಿ.ಐ. ರೈಲ್ವೆಯಲ್ಲಿ ನೌಕರಿ ಸಿಕ್ಕಿತು. ಆ ರೈಲ್ವೆಯ ತಂಡಕ್ಕೂ ಆಡಿದರು. ತಮ್ಮಂದಿರಾದ ಶಿವರಾಮ, ಗಣಪತ, ವಿಠ್ಠಲ ಒಬ್ಬೊಬ್ಬರಾಗಿ ಅದೇ ದಾರಿಯಲ್ಲಿ ಬಂದರು. ನಾಲ್ವರೂ ಹಿಂದೂ ತಂಡದ ಆಟಗಾರರಾದರು.

ಆ ಕಾಲದ ಕ್ರಿಕೆಟ್ ತಂಡಗಳು ಧರ್ಮದ ಹೆಸರಿನಲ್ಲಿದ್ದವು ಎಂಬುದನ್ನು ಇಲ್ಲಿ ಹೇಳಬೇಕು. ಮೊದಲು ಯುರೋಪಿಯನ್ನರು ಮತ್ತು ಪಾರ್ಸಿಗಳು ಆಡುತ್ತಿದ್ದರು, 1907ರಲ್ಲಿ ಹಿಂದೂಗಳು ಸೇರಿ ತ್ರಿಕೋನ ಪಂದ್ಯಾವಳಿ ಆಯಿತು. 1912ರಲ್ಲಿ ಮುಸ್ಲಿಮರು ಸೇರಿ ನಾಲ್ಕು ತಂಡಗಳಾದವು. ಮುಂಬೈಯಲ್ಲಿ ಸಾವಿರಾರು ಜನ ನೋಡಲು ಬರುತ್ತಿದ್ದರು.

1906ರ ಫೆಬ್ರವರಿಯಲ್ಲಿ ಹಿಂದೂಗಳಿಗೂ ಯುರೋಪಿಯನ್ನರಿಗೂ ಪಂದ್ಯ ನಡೆದಾಗ ಬಾಳೂ, ಶಿವರಾಮ ಇಬ್ಬರೂ ಆಡಿದರು. ಹಿಂದೂಗಳು 242 ಮತ್ತು 160 ಮಾಡಿದರು. ಯುರೋಪಿಯನ್ನರು 191 ಮತ್ತು 102ಕ್ಕೆ ಔಟಾದರು. 109 ರನ್ನುಗಳ ಗೆಲುವು. ಆಳುವವರನ್ನು ಅವರದೇ ಆಟದಲ್ಲಿ, ಬಿಳಿಯರಿಗೆ ಮಾತ್ರ ಸದಸ್ಯತ್ವವಿದ್ದ ಬಾಂಬೆ ಜಿಮ್ಖಾನಾ ಮೈದಾನದಲ್ಲೇ ಸೋಲಿಸಿದ್ದರು. ಆ ಗೆಲುವಿನ ದೊಡ್ಡ ಪಾಲು ಬಾಳೂ ಬೌಲಿಂಗಿನದು. ಇಷ್ಟು ಹೊತ್ತಿಗೆ ಮುಂಬೈ ತಂಡದಲ್ಲಿ ಅವರು ಬೇರೆಯವರ ಜೊತೆ ಕೂತು ಊಟ ಮಾಡುತ್ತಿದ್ದರು. ಸುಧಾರಕರ ಪತ್ರಿಕೆಗಳು ಪಂದ್ಯದ ಗೆಲುವಿಗಿಂತ ಇದನ್ನೇ ಹೆಚ್ಚು ಮೆಚ್ಚಿ ಬರೆದವು. ನನಗೂ ಅದೇ ಸರಿ ಅನ್ನಿಸುತ್ತದೆ. ಮಣ್ಣಿನ ಕುಡಿಕೆಯಿಂದ ಊಟದ ಮೇಜಿಗೆ ಬರಲು ಅವರಿಗೆ ಹತ್ತು ವರ್ಷದಷ್ಟು ಬೌಲಿಂಗ್ ಬೇಕಾಯಿತು.

1911ರಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ಎಲ್ಲ ಧರ್ಮದವರೂ ಕೂಡಿದ ತಂಡ. ಪಾರ್ಸಿಗಳು ಹೆಚ್ಚಿದ್ದರು. ಶಫ್ಕತ್ ಹುಸೇನ್, ಸಲಾಮುದ್ದೀನ್, ಸೈಯದ್ ಹಸನ್ ಮುಸ್ಲಿಂ ಆಟಗಾರರು. ನಮ್ಮ ಬೆಂಗಳೂರಿನ ಜಯರಾಮ್ ಇದ್ದರು. ಬಾಳೂ ಮತ್ತು ಶಿವರಾಮ ಇದ್ದರು. ನಾಯಕ ಯಾರು? ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್, ವಯಸ್ಸು 19. ಅದು ಐದನೇ ಜಾರ್ಜ್ ದೊರೆಯ ಪಟ್ಟಾಭಿಷೇಕದ ವರ್ಷ. ಮಹಾರಾಜರಿಗೆ ಔತಣಗಳೇ ಮುಗಿಯಲಿಲ್ಲ. ಕೆಲವೇ ಪಂದ್ಯ ಆಡಿ ತಂಡವನ್ನು ಬಿಟ್ಟರು. ತಂಡದ ಒಳ್ಳೆಯ ಬ್ಯಾಟ್ಸ್‌ಮನ್ ಮಿಸ್ತ್ರಿ ಮಹಾರಾಜರ ನೌಕರಿಯಲ್ಲಿದ್ದವರು, ಅವರೂ ಹೊರಟರು. ಉಳಿದವರು ಚಳಿ, ಮಳೆ, ಹೊಸ ಪಿಚ್ಚುಗಳ ಜೊತೆ ಗುದ್ದಾಡಿದರು. 23 ಪಂದ್ಯಗಳಲ್ಲಿ 6 ಗೆದ್ದು 15 ಸೋತರು.

ಈ ಸೋಲುಗಳ ನಡುವೆ ಬಾಳೂ ಪಟ್ಟಿಯನ್ನು ನೋಡಬೇಕು. ಒಟ್ಟು 114 ವಿಕೆಟ್, ಸರಾಸರಿ 18.84. ಪ್ರಥಮ ದರ್ಜೆ ಪಂದ್ಯಗಳನ್ನು ಮಾತ್ರ ಹಿಡಿದರೆ 75 ವಿಕೆಟ್, ಸರಾಸರಿ 20.12. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಸರದಿಯಲ್ಲಿ 103 ರನ್ನಿಗೆ 8. ಲೀಸೆಸ್ಟರ್‌ಶೈರ್ ವಿರುದ್ಧ ಎರಡೂ ಸರದಿ ಸೇರಿ 11, ಆ ಪಂದ್ಯ ಭಾರತ ಗೆದ್ದಿತು. ಸಾಮರ್‌ಸೆಟ್ ವಿರುದ್ಧ ಒಂದೇ ವಿಕೆಟ್ ಉಳಿದಿದ್ದಾಗ ಗೆಲ್ಲಿಸಿದ್ದು ತಮ್ಮ ಶಿವರಾಮನ ಶತಕ. ಬಾಳೂಗೆ ಆಗ 35 ವರ್ಷ. ಭುಜದ ನೋವು ಇಟ್ಟುಕೊಂಡೇ ಊರೂರು ತಿರುಗಿ ಬೌಲ್ ಮಾಡಿದರು. ವೇಗದ ಬೌಲರ್ ಅಲ್ಲ, ನಿಧಾನದ ಸ್ಪಿನ್ನರ್. ಚೆಂಡನ್ನು ಎರಡೂ ಕಡೆ ತಿರುಗಿಸುವುದು, ವೇಗ ಸ್ವಲ್ಪ ಸ್ವಲ್ಪ ಬದಲಿಸುವುದು ಅವರ ವಿದ್ಯೆ. ಅದೇ ಜುಲೈ 29ರಂದು ಕಲ್ಕತ್ತಾದಲ್ಲಿ ಮೋಹನ್ ಬಗಾನ್ ಫುಟ್‌ಬಾಲ್ ತಂಡ ಹೆಚ್ಚಾಗಿ ಬರಿಗಾಲಲ್ಲೇ ಆಡಿ ಇಂಗ್ಲಿಷ್ ಸೈನಿಕರ ತಂಡವನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಿತು. ಆ ಕಥೆ ಬಂಗಾಳದ ಮಕ್ಕಳಿಗೆಲ್ಲ ಗೊತ್ತು. ಬಾಳೂ ಕಥೆ ಧಾರವಾಡದಲ್ಲೇ ಎಷ್ಟು ಜನಕ್ಕೆ ಗೊತ್ತೋ.

ಫುಟ್‌ಬಾಲ್ ಎಂದಾಗ ಇನ್ನೊಬ್ಬರ ನೆನಪಾಗುತ್ತದೆ. ಬಾಳೂ ವಿಕೆಟ್ ತೆಗೆದ ಅದೇ ಇಂಗ್ಲೆಂಡಿನಲ್ಲಿ ಆರ್ಥರ್ ವಾರ್ಟನ್ ಎಂಬ ಗೋಲ್‌ಕೀಪರ್ ಇದ್ದರು. ಆಫ್ರಿಕಾದ ಅಕ್ರಾದಲ್ಲಿ 1865ರಲ್ಲಿ ಹುಟ್ಟಿದವರು, ಸಂಬಳಕ್ಕೆ ಆಡಿದ ಮೊದಲ ಕಪ್ಪು ಫುಟ್‌ಬಾಲ್ ಆಟಗಾರ. 100 ಗಜವನ್ನು 10 ಸೆಕೆಂಡಿನಲ್ಲಿ ಓಡಿದವರು. ಆಟ ಮುಗಿದ ಮೇಲೆ ಯಾರೂ ವಿಚಾರಿಸಲಿಲ್ಲ. ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡಿ 1930ರಲ್ಲಿ ತೀರಿಕೊಂಡರು. 1997ರವರೆಗೆ ಅವರ ಗೋರಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. ಗಣಿ ಊರಿನವನಾದ ನನಗೆ ಆ ಭಾಗ ಓದುವಾಗ ಸಂಕಟವಾಯಿತು. ಬಾಳೂಗೆ ಹಾಗೆ ಆಗಲಿಲ್ಲ. ಮುಂಬೈಗೆ ಮರಳಿದಾಗ ಅವರ ಸಮುದಾಯದವರು ಸನ್ಮಾನ ಮಾಡಿದರು. ಆ ಮಾನಪತ್ರ ಬರೆದವರು ಆಗ ಕಾಲೇಜು ಓದುತ್ತಿದ್ದ 20 ವರ್ಷದ ಯುವಕ ಎಂದು ಹೇಳುತ್ತಾರೆ. ಆ ಯುವಕ ಭೀಮರಾವ್ ಅಂಬೇಡ್ಕರ್.

ಇನ್ನು ನಾಯಕತ್ವದ ವಿಷಯ. ಇಂಗ್ಲೆಂಡಿನಿಂದ ಬಂದ ಮೇಲೆ ಹಿಂದೂ ತಂಡದಲ್ಲಿ ಬಾಳೂಗಿಂತ ದೊಡ್ಡ ಆಟಗಾರ ಇರಲಿಲ್ಲ, ಅನುಭವದಲ್ಲಿಯೂ ಅವರೇ ಹಿರಿಯರು. ಆದರೆ ವರ್ಷ ವರ್ಷವೂ ನಾಯಕ ಪಟ್ಟ ಬೇರೆಯವರಿಗೆ ಹೋಯಿತು. 1913ರಲ್ಲಿ ಎಂ.ಡಿ. ಪೈ ನಾಯಕರಾದರು. ಪೈ ಬ್ರಾಹ್ಮಣರು, ದೊಡ್ಡ ಮನಸ್ಸಿನವರು. ತಮ್ಮ ಸನ್ಮಾನದ ಸಭೆಯಲ್ಲೇ ಈ ಗೌರವ ಬಾಳೂ ಅವರಿಗೆ ಸಲ್ಲಬೇಕಾಗಿತ್ತು ಎಂದು ಒಪ್ಪಿಕೊಂಡರು. ಒಪ್ಪಿಕೊಂಡರೂ ಆಯ್ಕೆ ಮಾಡುವವರು ಬದಲಾಗಲಿಲ್ಲ. ನನ್ನ ಅಭಿಪ್ರಾಯದಲ್ಲಿ ಬಾಳೂ ಜೀವನದ ನಿಜವಾದ ಕಥೆ ಇದೇ. ಅವರ ಎಡಗೈ ಎಲ್ಲರಿಗೂ ಬೇಕಾಗಿತ್ತು. ಅವರ ಮಾತು ಕೇಳಿ ಮೈದಾನದಲ್ಲಿ ನಿಲ್ಲಲು ಯಾರಿಗೂ ಇಷ್ಟವಿರಲಿಲ್ಲ. ಜೊತೆಯಲ್ಲಿ ಉಣ್ಣುವುದು ಒಂದು ಮೆಟ್ಟಿಲು, ಅಪ್ಪಣೆ ಪಾಲಿಸುವುದು ಅದಕ್ಕಿಂತ ಎತ್ತರದ ಮೆಟ್ಟಿಲು.

1920ರಲ್ಲಿ ಜಗಳ ಬೀದಿಗೆ ಬಂತು. ಪೈ ಅವರಿಗೆ ಆರೋಗ್ಯ ಸರಿ ಇರಲಿಲ್ಲ. ನಾಯಕತ್ವವನ್ನು ಪುಣೆಯ ಡಿ.ಬಿ. ದೇವಧರ್ ಅವರಿಗೆ ಕೊಟ್ಟರು, ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟರು. ಶಿವರಾಮ ಮತ್ತು ವಿಠ್ಠಲ ತಾವು ಆಡುವುದಿಲ್ಲ ಎಂದು ಹಿಂದೆ ಸರಿದರು, ಜಾತಿಯ ಕಾರಣಕ್ಕೆ ಅನ್ಯಾಯವಾಗಿದೆ ಎಂದು ಪತ್ರಿಕೆಗಳಿಗೇ ತಿಳಿಸಿದರು. ಪೇಟೆಯಲ್ಲೆಲ್ಲ ಇದೇ ಮಾತು. ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ಮಾತಾಡುತ್ತಿದ್ದ ಕಾಲವದು, ಜನ ಸಹೋದರರ ಪಕ್ಷ ವಹಿಸಿದರು. ಮುಂದಿನ ಪಂದ್ಯಕ್ಕೆ ಪೈ ಮರಳಿದರು, ಸಹೋದರರೂ ಬಂದರು, ಬಾಳೂ ಉಪನಾಯಕರಾದರು. ಆಟದ ಮಧ್ಯೆ ಪೈ ಬೇಕೆಂದೇ ಸ್ವಲ್ಪ ಹೊತ್ತು ಮೈದಾನದಿಂದ ಹೊರಗೆ ಹೋದರು. ಅಷ್ಟು ಹೊತ್ತು ಬಾಳೂ ಹಿಂದೂ ತಂಡದ ನಾಯಕ. ಅವರಿಗೆ ಆಗ 44 ವರ್ಷ. ಸಿಕ್ಕಿದ್ದು ಅಷ್ಟೇ.

ಪೂರ್ತಿ ನಾಯಕತ್ವ ಮನೆಗೆ ಬಂದದ್ದು ತಮ್ಮನ ಕೈಗೆ. 1923ರಲ್ಲಿ ವಿಠ್ಠಲ ನಾಯಕರಾದರು, ಯುರೋಪಿಯನ್ನರನ್ನು ಸೋಲಿಸಿ ಹಿಂದೂ ತಂಡ ಗೆದ್ದಿತು. ಮೇಲ್ಜಾತಿಯ ಅಭಿಮಾನಿಗಳೇ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಬಾಳೂ ಆಡುವುದನ್ನು ಬಿಟ್ಟಾಗಿತ್ತು. ಒಟ್ಟು 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಸರಾಸರಿ 15.21. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಬಾಳೂಗೆ ಆಗ 56 ವರ್ಷ.

ಅದೇ 1932ರಲ್ಲಿ ಅವರು ಬೇರೆ ಮೈದಾನದಲ್ಲಿದ್ದರು. ಬ್ರಿಟಿಷ್ ಸರ್ಕಾರ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತು. ಅಂದರೆ ದಲಿತರ ಪ್ರತಿನಿಧಿಯನ್ನು ದಲಿತರೇ ಆರಿಸುವುದು. ಅಂಬೇಡ್ಕರ್ ಇದನ್ನು ಬಯಸಿದ್ದರು. ಗಾಂಧೀಜಿ ವಿರೋಧಿಸಿ ಸೆಪ್ಟೆಂಬರ್ 20ರಿಂದ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಬಾಳೂ ಮತ್ತು ಮದ್ರಾಸಿನ ಎಂ.ಸಿ. ರಾಜಾ ಗಾಂಧೀಜಿಯ ಕಡೆ ನಿಂತು ಅಂಬೇಡ್ಕರ್ ಅವರನ್ನು ಒಪ್ಪಿಸಲು ಮಾತುಕತೆಯಲ್ಲಿ ಸೇರಿದರು. 24ರಂದು ಪುಣೆ ಒಪ್ಪಂದಕ್ಕೆ ಸಹಿಯಾಯಿತು. ಪ್ರತ್ಯೇಕ ಮತಕ್ಷೇತ್ರ ಹೋಗಿ, ಪ್ರಾಂತಗಳ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನಗಳು ಬಂದವು. ಸಹಿ ಹಾಕಿದವರಲ್ಲಿ ಪಿ. ಬಾಳೂ ಎಂಬ ಹೆಸರೂ ಇದೆ. ನಮ್ಮ ಕೆ.ಜಿ.ಎಫ್., ಬಂಗಾರಪೇಟೆ ಎರಡೂ ಇಂದು ಮೀಸಲು ಕ್ಷೇತ್ರಗಳು. ಪ್ರತಿ ಚುನಾವಣೆಯಲ್ಲಿ ನಮ್ಮ ಗೋಡೆಗಳ ಮೇಲೆ ಕಾಣುವ ಪೋಸ್ಟರುಗಳ ಬೇರು ಹುಡುಕುತ್ತಾ ಹೋದರೆ ಆ ಕಾಗದಕ್ಕೆ, ಆ ಸಹಿಗೆ ಹೋಗಿ ಮುಟ್ಟುತ್ತದೆ.

ಅಂಬೇಡ್ಕರ್ ಮತ್ತು ಬಾಳೂ ದಾರಿ ಇಲ್ಲಿಂದ ಬೇರೆಯಾಯಿತು. 1935ರಲ್ಲಿ ತಾನು ಹಿಂದೂವಾಗಿ ಸಾಯುವುದಿಲ್ಲ ಎಂದು ಅಂಬೇಡ್ಕರ್ ಸಾರಿದಾಗ ಬಾಳೂ ಒಪ್ಪಲಿಲ್ಲ. 1937ರಲ್ಲಿ ಮುಂಬೈ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಬಾಳೂ ಅವರನ್ನು ಅಂಬೇಡ್ಕರ್ ವಿರುದ್ಧವೇ ನಿಲ್ಲಿಸಿತು. ಅಂಬೇಡ್ಕರ್‌ಗೆ 13,245 ಮತ, ಬಾಳೂಗೆ 11,225. ಅಂತರ 2,020. ಮಾನಪತ್ರ ಬರೆದ ಯುವಕ ತನ್ನ ವೀರನನ್ನು ಸೋಲಿಸಿದ. ಈ ಚುನಾವಣೆಯ ಬಗ್ಗೆ ನನ್ನ ಗೆಳೆಯರಲ್ಲಿ ವಾದವಾಯಿತು. ಬಾಬಾಸಾಹೇಬರ ಎದುರು ನಿಂತವರನ್ನು ಯಾಕೆ ಹೊಗಳುತ್ತೀಯ ಎಂದು ಒಬ್ಬ ಕೇಳಿದ. ಅವನ ಮನೆಯ ಗೋಡೆಯಲ್ಲಿ ಅಂಬೇಡ್ಕರ್ ಫೋಟೋ ಇದೆ, ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ನನಗೆ ತೋಚುವುದು ಇಷ್ಟು: ಬಾಳೂ ಜೀವನ ಪೂರ್ತಿ ಒಳಗಿದ್ದುಕೊಂಡೇ ಜಾಗ ಗಿಟ್ಟಿಸಿದವರು. ಹೊರಗೆ ಕುಡಿಕೆ ಹಿಡಿದು ನಿಂತವರು ಒಳಗೆ ಬಂದು ಕೂತರು, ತಮ್ಮನನ್ನು ನಾಯಕನಾಗಿ ನೋಡಿದರು. ಇನ್ನೂ ಸ್ವಲ್ಪ ತಾಳಿದರೆ ಉಳಿದದ್ದೂ ಆಗುತ್ತದೆ ಎಂದು ಅವರಿಗೆ ಅನ್ನಿಸಿರಬೇಕು. ಅಂಬೇಡ್ಕರ್‌ಗೆ ತಾಳ್ಮೆಯ ಲೆಕ್ಕ ಮುಗಿದಿತ್ತು. ಮತ ಹಾಕಿದವರಲ್ಲಿ ಹೆಚ್ಚಿನವರು ಅಂಬೇಡ್ಕರ್ ಲೆಕ್ಕವನ್ನೇ ಒಪ್ಪಿದರು.

ಬಾಳೂ 1955ರ ಜುಲೈ 4ರಂದು ಮುಂಬೈಯಲ್ಲಿ ತೀರಿಕೊಂಡರು, 79 ವರ್ಷ. ಅಂತ್ಯಕ್ರಿಯೆಗೆ ಕ್ರಿಕೆಟ್ ಆಟಗಾರರೂ ದಲಿತ ನಾಯಕರೂ ಬಂದಿದ್ದರು. ಧಾರವಾಡ ಆಗ ಇನ್ನೂ ಬೊಂಬಾಯಿ ರಾಜ್ಯದಲ್ಲೇ ಇತ್ತು. ಅದು ನಮ್ಮ ರಾಜ್ಯಕ್ಕೆ ಸೇರಿದ್ದು ಮರುವರ್ಷ, ನವೆಂಬರ್ 1ರಂದು.